ರಾಜ ಸತ್ತರೂ ನಿಲ್ಲದ ಆಟ: ನಾರ್ವೆ ಬೋರ್ಡ್ ಗೇಮ್ ಮಾಡಿದ ನನ್ನ ಅನುಭವ

ಮೊದಲ ಸಲ ಪ್ರಿಂಟ್ ಹಾಕಿಸಿದ ಮುನ್ನೂರು ಚಿಲ್ಲರೆ ಡಬ್ಬಿಗಳು ಖಾಲಿಯಾಗಿವೆ. ಎರಡನೇ ಸಲಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

'ನಾರ್ವೆ ರಾಜರ ಜಗಳ ಇಟ್ಕೊಂಡು ಬೋರ್ಡ್ ಗೇಮ್ ಮಾಡ್ತೀಯಾ? ಇಲ್ಲಿ ಯಾರಿಗೆ ಬೇಕು ಅದು?' ಎಂದು ಕೇಳಿದವರೇ ಜಾಸ್ತಿ. ಒಬ್ಬ ಪ್ರಕಾಶಕರು ಪ್ರೊಟೊಟೈಪ್ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ವಾಪಸ್ ಕೊಟ್ಟರು. ಡಿಸೈನರ್ ಗೆಳೆಯನೊಬ್ಬ ಪೂರ್ತಿ ಆಡಿ ನೋಡಿ, 'ನಿಜವಾದ ವಾರಸುದಾರ ಯಾರು ಅಂತಲೇ ಗೊತ್ತಾಗಲ್ವಲ್ಲೋ, ಗೆಲ್ಲೋದು ಹೇಗೆ?' ಎಂದ. ಅವನು ಕೊರತೆ ಎಂದು ಹೇಳಿದ್ದೇ ಕೊನೆಗೆ ಈ ಆಟದ ಜೀವಾಳವಾಯಿತು. ಪ್ಲೇಟೆಸ್ಟ್ ಮಾಡುವುದು (ಜನರ ಕೈಯಲ್ಲಿ ಆಡಿಸಿ ನೋಡುವುದು), ಕಾರ್ಡಿಗೆ ಸ್ಲೀವ್ ಹಾಕುವುದು, ಫೋಮ್ ಬೋರ್ಡ್ ಕತ್ತರಿಸುವುದು ನಿಮಗೆ ಗೊತ್ತಿರುವುದೇ. ಅದನ್ನೆಲ್ಲ ಬಿಟ್ಟು ವಿಷಯಕ್ಕೆ ಬರುತ್ತೇನೆ.

ನಾರ್ವೆಯಲ್ಲಿ 1130ರಿಂದ 1240ರವರೆಗೆ, ನಡುನಡುವೆ ಬಿಡುವು ಕೊಟ್ಟುಕೊಂಡು, ಪಟ್ಟಕ್ಕಾಗಿ ಹೊಡೆದಾಟ ನಡೆಯಿತು. ಜೆರುಸಲೇಮಿಗೆ ಹೋಗಿಬಂದ ಸಿಗುರ್ಡ್ ರಾಜ 1130ರಲ್ಲಿ ಓಸ್ಲೋದಲ್ಲಿ ತೀರಿಕೊಂಡ. ಅವನಿಗೆ ಮ್ಯಾಗ್ನುಸ್ ಎಂಬ ಮಗನಿದ್ದ. ಆದರೆ ಸಿಗುರ್ಡ್ ಬದುಕಿದ್ದಾಗಲೇ ಐರ್ಲೆಂಡ್ ಕಡೆಯಿಂದ ಹರಾಲ್ಡ್ ಗಿಲ್ಲೆ ಎಂಬವನು ಹಡಗಿನಲ್ಲಿ ಬಂದು, 'ನಾನೂ ನಿನ್ನ ಅಪ್ಪನ ಮಗ' ಎಂದಿದ್ದ. ಅಪ್ಪ ಅಂದರೆ ಬರಿಗಾಲ ಮ್ಯಾಗ್ನುಸ್. 1103ರಲ್ಲಿ ಐರ್ಲೆಂಡಿನಲ್ಲೇ ಹೋರಾಡುತ್ತಾ ಸತ್ತವನು, ಅವನನ್ನು ಕೇಳುವ ಹಾಗಿರಲಿಲ್ಲ. ಮಾತು ನಿಜವೋ ಎಂದು ನೋಡಲು ಕೆಂಪಗೆ ಕಾದ ಒಂಬತ್ತು ನೇಗಿಲ ಗುಳಗಳ ಮೇಲೆ ಹರಾಲ್ಡನನ್ನು ಬರಿಗಾಲಲ್ಲಿ ನಡೆಸಿದರು. ಮೂರು ದಿನ ಬಿಟ್ಟು ಪಾದ ನೋಡಿದರೆ ಸುಟ್ಟಿರಲಿಲ್ಲ ಎನ್ನುತ್ತವೆ ಸಾಗಾಗಳು, ಅಂದರೆ ಅಲ್ಲಿನ ಹಳೆಯ ಕಥನಗಳು. ಸಿಗುರ್ಡ್ ಅವನನ್ನು ತಮ್ಮನೆಂದು ಒಪ್ಪಿಕೊಂಡ. ತಾನೂ ತನ್ನ ಮಗನೂ ಇರುವ ತನಕ ಪಟ್ಟ ಕೇಳಕೂಡದು ಎಂದು ಆಣೆ ಹಾಕಿಸಿಕೊಂಡ. ಸಿಗುರ್ಡ್ ಕಣ್ಣು ಮುಚ್ಚಿದ್ದೇ ತಡ, ಹರಾಲ್ಡ್ ಟೋನ್ಸ್‌ಬರ್ಗಿನ ಹೌಗತಿಂಗ್ ಸಭೆಯಲ್ಲಿ ರಾಜನೆನಿಸಿಕೊಂಡ.

ಈಗ ಹೇಳಿ, ಹಕ್ಕುದಾರ ಯಾರು? ಇಬ್ಬರೂ. ರಾಜನ ಮಗ ಎಂದಾದರೆ ಸಾಕು, ಮದುವೆಯಲ್ಲಿ ಹುಟ್ಟಿದನೋ ಹೊರಗೆ ಹುಟ್ಟಿದನೋ ಎಂದು ಯಾರೂ ಕೇಳುತ್ತಿರಲಿಲ್ಲ. ಮ್ಯಾಗ್ನುಸ್ ಕೂಡ ಹೊರಗಿನವಳ ಮಗನೇ. ಇಬ್ಬರು ಮೂವರು ಒಟ್ಟಿಗೆ ರಾಜರಾಗುವುದೂ ಮಾಮೂಲಿ. ಜನರ ಸಭೆ, ಅಂದರೆ ತಿಂಗ್, ಒಪ್ಪಿಕೊಂಡರೆ ಮುಗಿಯಿತು.

ನನ್ನ ಮೊದಲ ಆವೃತ್ತಿ ವಂಶವೃಕ್ಷದ ಮೇಲೆ ನಿಂತಿತ್ತು. ಪ್ರತಿಯೊಬ್ಬನಿಗೂ ರಕ್ತದ ಅಂಕ, ಜಾಸ್ತಿ ಅಂಕದವನಿಗೆ ಪಟ್ಟ. ಟೇಬಲ್ ಸುತ್ತ ಕೂತವರು ಮುಕ್ಕಾಲು ಗಂಟೆ ಕೂಡಿ ಕಳೆದು ಲೆಕ್ಕ ಹಾಕಿದರೇ ಹೊರತು ಆಡಲಿಲ್ಲ. ಅದರ ಕಾರ್ಡುಗಳನ್ನು ಒಳ್ಳೆಯ ಬೋರ್ಡಿನಲ್ಲೇ ಪ್ರಿಂಟ್ ಮಾಡಿಸಿದ್ದೆ. ಬಂದ ಕಟ್ಟು ಬಿಚ್ಚಿದರೆ ಹಿಂಬದಿಯ ಚಿತ್ರ ಎರಡು ಮಿಲಿಮೀಟರ್ ಸರಿದಿತ್ತು. ಯಾರ ಕೈಯಲ್ಲಿ ಯಾವ ಕಾರ್ಡಿದೆ ಎಂದು ಎದುರಿಗೆ ಕೂತವನಿಗೆ ಅಂಚು ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಪ್ರೆಸ್ಸಿನವರು ದುಡ್ಡು ವಾಪಸ್ ಕೊಡಲಿಲ್ಲ. ಇಪ್ಪತ್ತೆರಡು ಸಾವಿರದ ಹತ್ತಿರ ಹೋಯಿತು.

ಎರಡನೆಯದು ಯುದ್ಧದ ಆಟ. ದಾಳ, ಹಡಗು, ಸೈನ್ಯ. ಅದಕ್ಕೆ ಚನ್ನಪಟ್ಟಣದಲ್ಲಿ ಹಾಲೆ ಮರದ ರಾಜರ ಕಾಯಿ ಮಾಡಿಸಿದೆ, ಅರಗಿನ ಬಣ್ಣ ಹಾಕಿಸಿ. ಒಂದಕ್ಕೆ ಸುಮಾರು ನಲವತ್ತು ರೂಪಾಯಿ ಬಿತ್ತು. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬಾರದಷ್ಟು ನುಣುಪು. ಆದರೆ ರಾಜ ಸತ್ತ ಆಟಗಾರ ಹೊರಗೆ. ಮೊದಲ ಇಪ್ಪತ್ತು ನಿಮಿಷದಲ್ಲಿ ಔಟಾದವನು ಒಂದೂವರೆ ಗಂಟೆ ಮೊಬೈಲ್ ನೋಡುತ್ತಾ ಕೂರಬೇಕು. ಎರಡನೇ ಸಲ ಆಡಲು ಯಾರೂ ಬರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಪಟ್ಟಿ ಬರೆದಾಗ. ಬಿರ್ಕೆಬೈನರ್ ಎಂಬ ಗುಂಪು ನಿಮಗೆ ಗೊತ್ತಿರಬಹುದು. ಕಾಲಿಗೆ ಬರ್ಚ್ ಮರದ ತೊಗಟೆ ಸುತ್ತಿಕೊಂಡು ಕಾಡಲ್ಲಿ ಅಲೆದವರು. ಅವರ ಮೊದಲ ರಾಜ ಓಯ್‌ಸ್ಟೈನ್ 1177ರಲ್ಲಿ ರೇ ಎಂಬಲ್ಲಿ ಸತ್ತ. ಅಲ್ಲಿಗೆ ಗುಂಪು ಚದುರಿಹೋಗಬೇಕಿತ್ತು, ಅಲ್ವಾ? ಇಲ್ಲ. ಫಾರೋ ದ್ವೀಪಗಳಿಂದ ಬಂದ ಸ್ವೆರ್ರೆ ಎಂಬ ಪಾದ್ರಿಯನ್ನು ಹಿಡಿದು ರಾಜನನ್ನಾಗಿ ಮಾಡಿಕೊಂಡರು. ಆಗ ಉಳಿದಿದ್ದವರು ಎಪ್ಪತ್ತು ಜನ ಎನ್ನುತ್ತದೆ ಅವನ ಸಾಗಾ. ಅದೇ ಸ್ವೆರ್ರೆ 1184ರಲ್ಲಿ ಫಿಮ್ರೈಟೆಯ ನೌಕಾಯುದ್ಧದಲ್ಲಿ ಎದುರಾಳಿ ರಾಜನನ್ನು ಮುಗಿಸಿ ಇಡೀ ನಾರ್ವೆ ಆಳಿದ. 1202ರಲ್ಲಿ ಅವನು ಹೋದ ಮೇಲೆ ಮಗ ಹೋಕೋನ್. ಅವನು 1204ರ ಮೊದಲ ದಿನವೇ ಸತ್ತ. ಆಮೇಲೆ ನಾಲ್ಕು ವರ್ಷದ ಗುಟ್ಟೊರ್ಮ್. ಆ ಮಗುವೂ ಅದೇ ವರ್ಷ ಹೋಯಿತು. ಆಮೇಲೆ ಇಂಗೆ ಬೋರ್ಡ್‌ಸನ್. 1217ರಲ್ಲಿ ಹದಿಮೂರು ವರ್ಷದ ಹೋಕೋನ್ ಹೋಕೋನ್ಸನ್. ಒಂದೇ ಗುಂಪು, ಆರು ರಾಜರು.

ರಾಜರು ಬಂದರು, ಹೋದರು. ಪಕ್ಷ ಉಳಿಯಿತು. ಅವತ್ತೇ ನಿಯಮ ತಿರುಗಿಸಿ ಬರೆದೆ. ಆಟಗಾರ ರಾಜನಲ್ಲ, ಅವನ ಹಿಂದೆ ನಿಂತ ಪಕ್ಷ. ರಾಜ ಸತ್ತರೆ ಮುಂದಿನ ಸರದಿಯಲ್ಲಿ ಇನ್ನೊಬ್ಬನನ್ನು ತಂದು ತಿಂಗ್ ಮುಂದೆ ನಿಲ್ಲಿಸು. ರಾಜನ ಕಾಯಿ ಸುಮ್ನೆ ಒಂದು ಸಾಧನ. ಎರಡನೇ ಆವೃತ್ತಿಗೆ ಮಾಡಿಸಿದ ಕಾಯಿಗಳೆಲ್ಲ ಹೀಗೆ ಉಪಯೋಗಕ್ಕೆ ಬಂದವು, ಏಕೆಂದರೆ ಒಂದೊಂದು ಪಕ್ಷಕ್ಕೂ ಈಗ ರಾಶಿ ರಾಜರು ಬೇಕು!

ಇಲ್ಲಿ ಮಕ್ಕಳ ವಿಷಯ ಹೇಳಲೇಬೇಕು. 1136ರಲ್ಲಿ ಹರಾಲ್ಡ್ ಗಿಲ್ಲೆಯ ಕೊಲೆಯಾದಾಗ ರಾಜರಾದ ಅವನ ಮಕ್ಕಳು ಸಿಗುರ್ಡ್ ಮತ್ತು ಇಂಗೆ ಇನ್ನೂ ಎಳೆಗೂಸುಗಳು. ಇಂಗೆಯನ್ನು ಎತ್ತಿಕೊಂಡೇ ಯುದ್ಧಕ್ಕೆ ಹೋದರಂತೆ, ಆಗ ಆದ ಪೆಟ್ಟಿಗೆ ಬೆನ್ನು ಗೂನಾಯಿತಂತೆ. 1142ರಲ್ಲಿ ಸ್ಕಾಟ್ಲೆಂಡಿನಿಂದ ಓಯ್‌ಸ್ಟೈನ್ ಎಂಬ ಮೂರನೆಯ ಮಗನೂ (ಬಿರ್ಕೆಬೈನರ್ ರಾಜನಲ್ಲ, ಬೇರೆಯವನು) ಬಂದ. ಮೂವರು ರಾಜರಿದ್ದೂ ಹಲವು ವರ್ಷ ದೊಡ್ಡ ಗಲಾಟೆ ಇಲ್ಲ. ಸಿಗುರ್ಡ್ ಮತ್ತು ಇಂಗೆ ಸಣ್ಣವರಿದ್ದಷ್ಟು ದಿನ ಇಬ್ಬರಿಗೂ ಒಂದೇ ಆಸ್ಥಾನ. ದೊಡ್ಡವರಾದ ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಪರಿವಾರ. ಕೂಡು ಕುಟುಂಬದಲ್ಲಿ ಒಲೆ ಬೇರೆಯಾದ ಹಾಗೆ. 1155ರಲ್ಲಿ ಸಿಗುರ್ಡ್, 1157ರಲ್ಲಿ ಓಯ್‌ಸ್ಟೈನ್, 1161ರಲ್ಲಿ ಓಸ್ಲೋ ಬಳಿ ಮಂಜುಗಡ್ಡೆಯ ಮೇಲೆ ಇಂಗೆ, ಮೂವರೂ ಹತರಾದರು.

ಇದನ್ನು ನಾನು ಬೆಳ್ಳಿ ಟೋಕನ್‌ನಲ್ಲಿ ತಂದೆ. ಮಗು ರಾಜನಿಗೆ ಖರ್ಚಿಲ್ಲ, ಇನ್ನೊಬ್ಬನ ಆಸ್ಥಾನದಲ್ಲೇ ಉಣ್ಣುತ್ತಾನೆ. ಕಾಯಿ ತಿರುಗಿಸಿ ದೊಡ್ಡವನಾದ ಎಂದ ತಕ್ಷಣ ಪ್ರತಿ ಸರದಿಗೆ ಮೂರು ಟೋಕನ್. ಇಷ್ಟೇ ಮಾಡಿದ್ದು. ಮುಂದಿನ ಪ್ಲೇಟೆಸ್ಟ್‌ನಲ್ಲಿ ಐದನೇ ಸರದಿ ತನಕ ನಗುನಗುತ್ತಾ ಆಡುತ್ತಿದ್ದವರು ಆರನೆಯದರಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಜಗಳ ಮಾಡಿ ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಈ ಒಂದು ಸಂಗತಿಯ ಬಗ್ಗೆ ನನಗೆ ಹೆಮ್ಮೆ ಇದೆ.

ಕಾನೂನಿನ ಕಾರ್ಡ್ ತುಂಬಾ ಕಾಡಿಸಿತು. 1163ರ ಸುಮಾರಿಗೆ ಎರ್ಲಿಂಗ್ ಸ್ಕಾಕೆ ಎಂಬ ಪ್ರಬಲ ಮುಖಂಡ ತನ್ನ ಪುಟ್ಟ ಮಗ ಮ್ಯಾಗ್ನುಸ್‌ಗೆ ಆರ್ಚ್‌ಬಿಷಪ್ ಕೈಯಿಂದ ಬರ್ಗೆನ್‌ನಲ್ಲಿ ಕಿರೀಟ ಇಡಿಸಿದ. ಸ್ಕ್ಯಾಂಡಿನೇವಿಯಾದಲ್ಲೇ ಅದು ಮೊದಲ ಕಿರೀಟಧಾರಣೆ. ಆ ಮಗುವಿಗೆ ರಾಜವಂಶದ ನಂಟು ತಾಯಿಯ ಕಡೆಯಿಂದ ಮಾತ್ರ. ಆಕೆ ಜೆರುಸಲೇಮಿಗೆ ಹೋಗಿಬಂದ ಸಿಗುರ್ಡ್ ರಾಜನ ಮಗಳು ಕ್ರಿಸ್ಟಿನ್. ಅದೇ ಹೊತ್ತಿಗೆ ಹೊಸ ಕಾನೂನು: ಮದುವೆಯಲ್ಲಿ ಹುಟ್ಟಿದ ಹಿರಿಯ ಮಗನೇ ರಾಜ, ಅವನು ದುಷ್ಟನೋ ಬುದ್ಧಿಗೇಡಿಯೋ ಆದರೆ ಬಿಷಪ್‌ಗಳೂ ನಾಡಿನ ಹಿರಿಯರೂ ಸೇರಿ ಬೇರೆಯವನನ್ನು ಆರಿಸಬೇಕು. ಈ ಕಾರ್ಡ್ ಬಂದರೆ ಆಟ ಶಾಂತವಾಗುವ ಹಾಗೆ ಮೊದಲು ಬರೆದಿದ್ದೆ. ಆಟ ಸತ್ತೇ ಹೋಗುತ್ತಿತ್ತು. ನಿಜದಲ್ಲಿ ಆದದ್ದು ಉಲ್ಟಾ. ಹಕ್ಕು ಕಳೆದುಕೊಂಡವರಿಗೆ ಪಾಲು ಕೇಳುವ ದಾರಿ ಮುಚ್ಚಿತು, ಇಡೀ ರಾಜ್ಯ ಕಿತ್ತುಕೊಳ್ಳುವುದೊಂದೇ ಉಳಿಯಿತು. ಸ್ವೆರ್ರೆ ಬಂದದ್ದು ಅದರ ನಂತರವೇ. ಈಗ ಕಾನೂನಿನ ಕಾರ್ಡ್ ಬಿದ್ದ ಕೂಡಲೇ ಹೊರಗುಳಿದ ಪಕ್ಷಕ್ಕೆ ಎರಡು ಹೆಚ್ಚುವರಿ ನಡೆ. ಕಿರೀಟ ಇಟ್ಟುಕೊಂಡವನು ಓಡಾಡಿ ಸುಸ್ತಾಗುತ್ತಾನೆ.

ಜನ ಇಷ್ಟಪಟ್ಟದ್ದು ಮಾತ್ರ ಕಬ್ಬಿಣದ ಕಾರ್ಡ್. ಹಕ್ಕು ಹೇಳುವವನು ಕಾದ ಕಬ್ಬಿಣದ ಪರೀಕ್ಷೆಗೆ ಒಪ್ಪಿದರೆ ಕಾರ್ಡನ್ನು ಮಗುಚಿ ಇಟ್ಟು ಮೂರು ಸರದಿ ಕಾಯಬೇಕು. ಕೈಗೆ ಕಟ್ಟಿದ ಬಟ್ಟೆ ಬಿಚ್ಚುವ ತನಕ ಫಲಿತಾಂಶ ಯಾರಿಗೂ ಗೊತ್ತಿಲ್ಲ. ಆ ಮೂರು ಸರದಿಯಲ್ಲೇ ಎಲ್ಲಾ ವ್ಯಾಪಾರ. 1218ರಲ್ಲಿ ಹೋಕೋನ್ ಹೋಕೋನ್ಸನ್‌ನ ತಾಯಿ ಇಂಗಾ ಬರ್ಗೆನ್‌ನಲ್ಲಿ ಕಬ್ಬಿಣ ಹೊತ್ತು, ತನ್ನ ಮಗ ರಾಜನ ಮಗನೇ ಎಂದು ಸಾಬೀತು ಮಾಡಿದಳು. 1204ರಲ್ಲಿ ಇದು ಇನ್ನೊಂದು ದಿಕ್ಕಿಗೆ ತಿರುಗಿತ್ತು. ಸ್ವೆರ್ರೆಯ ವಿಧವೆ ಮಾರ್ಗರೇಟಾ ಮಲಮಗನಿಗೆ, ಅಂದರೆ ಆ ವರ್ಷದ ಮೊದಲ ದಿನ ಸತ್ತ ಹೋಕೋನ್‌ಗೆ, ವಿಷ ಹಾಕಿದಳೆಂಬ ಅನುಮಾನ ಬಂತು. ಅವಳ ಪರವಾಗಿ ಕಬ್ಬಿಣ ಹಿಡಿದವನ ಕೈ ಸುಟ್ಟಿತು, ಅವಳು ಸ್ವೀಡನ್‌ಗೆ ಓಡಿಹೋದಳು. ಹಾಗಾಗಿ ಬದಲಿಗೆ ಇನ್ನೊಬ್ಬನನ್ನು ಕಳಿಸುವ ಆಯ್ಕೆಯನ್ನೂ ಇಟ್ಟಿದ್ದೇನೆ. ಕಟ್ಟಿನಲ್ಲಿ ಸುಟ್ಟ ಕಾರ್ಡ್ ಎಷ್ಟು, ಸುಡದ ಕಾರ್ಡ್ ಎಷ್ಟು, ಬಿಷಪ್ ಒಂದು ಸಲ ಇಣುಕಿ ನೋಡಿದರೂ ಆಟ ಕೆಡದ ಹಾಗೆ ಹೇಗೆ ಮಾಡಿದೆ, ಅದನ್ನು ಹೇಳುವುದಿಲ್ಲ. ಒಂದು ಮಳೆಗಾಲ ಪೂರ್ತಿ ಕೂತು ಕಂಡುಕೊಂಡದ್ದು. ಬೇಕಾದವರು ಡಬ್ಬಿ ಕೊಂಡು ಎಣಿಸಿ.

ನಡುವೆ ಬೇರೆ ಪ್ರಯೋಗಗಳೂ ಆದವು. ನೆಫತಾಫ್ಲ್ ಅಂತ ಅವರದೇ ಹಳೆಯ ಆಟವಿದೆ, ನಡುವೆ ಒಬ್ಬ ರಾಜ, ಸುತ್ತ ವೈರಿಗಳು. ಅದೇ ಹಾಸಿನಲ್ಲಿ ಇಬ್ಬರು ರಾಜರನ್ನು ಇಟ್ಟು ನೋಡಿದೆ. ಒಬ್ಬರಿಗೊಬ್ಬರು ಅಡ್ಡ ಬಂದು ಇಬ್ಬರೂ ಸಿಕ್ಕಿಬೀಳುತ್ತಾರೆ. ಹತ್ತು ನಿಮಿಷಕ್ಕೆ ಚೆನ್ನಾಗಿದೆ, ಆಮೇಲೆ ಬೇಜಾರು. ಕಾಯಿಯ ರೂಪಕ್ಕೆ ಲೂಯಿಸ್ ಚದುರಂಗದ ಕಾಯಿಗಳನ್ನು ಎದುರಿಗಿಟ್ಟುಕೊಂಡೆ. ವಾಲ್ರಸ್ ದಂತದವು, 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕವು. ಈ ಜಗಳದ ಕಾಲದಲ್ಲೇ ಟ್ರಾಂಡ್‌ಹೈಮ್‌ನಲ್ಲಿ ಕೆತ್ತಿರಬೇಕು ಎನ್ನುವವರೇ ಹೆಚ್ಚು. ಆ ರಾಜ ತೊಡೆಯ ಮೇಲೆ ಕತ್ತಿ ಅಡ್ಡ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಾನೆ. ಚನ್ನಪಟ್ಟಣದ ಲೇತಿನಲ್ಲಿ ದುಂಡನೆಯ ಕಾಯಿಯಷ್ಟೇ ತಿರುಗುತ್ತದೆ, ಕತ್ತಿ ಬರುವುದಿಲ್ಲ. ಹಾಗಾಗಿ ಕತ್ತಿಯ ಜಾಗಕ್ಕೆ ಒಂದು ಕಪ್ಪು ಗೆರೆ ಎಳೆಸಿದೆ.

ಡೆನ್ಮಾರ್ಕ್ ಆವೃತ್ತಿ ಸಣ್ಣದು, ಮೂವರಿಗೆ. 1146ರಿಂದ ಸ್ವೆನ್, ಕ್ನುಡ್, ವಾಲ್ಡೆಮಾರ್ ಜಗಳ. 1157ರಲ್ಲಿ ರಾಜ್ಯ ಮೂರು ಪಾಲು ಮಾಡಿಕೊಂಡು ಆಗಸ್ಟ್‌ನಲ್ಲಿ ರೋಸ್ಕಿಲ್ಡೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತರು. ಸ್ವೆನ್‌ನ ಜನ ಅಲ್ಲೇ ಕ್ನುಡ್‌ನನ್ನು ಕೊಂದರು, ವಾಲ್ಡೆಮಾರ್ ಗಾಯಗೊಂಡು ತಪ್ಪಿಸಿಕೊಂಡ, ಅಕ್ಟೋಬರ್‌ನಲ್ಲಿ ಗ್ರಾಥೆ ಬಯಲಿನಲ್ಲಿ ಸ್ವೆನ್ ಸತ್ತ. ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಊಟದ ಕಾರ್ಡ್ ಒಮ್ಮೆ ನೋಡಿದವರು ಮುಂದಿನ ಸಲ ಊಟಕ್ಕೇ ಬರುವುದಿಲ್ಲ, ಅದಿನ್ನೂ ಬಗೆಹರಿದಿಲ್ಲ. ಸ್ವೀಡನ್‌ನಲ್ಲಿ ಸ್ವೆರ್ಕರ್ ಮನೆತನ, ಎರಿಕ್ ಮನೆತನ ಎರಡೇ ಕಡೆ, ಸರದಿಯ ಮೇಲೆ ಪಟ್ಟ. ಇಬ್ಬರ ಆಟಕ್ಕೆ ಅದು ಸರಿ ಎನಿಸುತ್ತದೆ.

ಇನ್ನು ದುಡ್ಡು. ಅಂತಿಮ ಆವೃತ್ತಿಯ ಕಾರ್ಡ್ ಶಿವಕಾಶಿಯಲ್ಲಿ ಆಫ್‌ಸೆಟ್. ಡಬ್ಬಿ, ಹಾಸು, ಕಾಯಿ ಸೇರಿ ಒಂದಕ್ಕೆ ಆರುನೂರೈವತ್ತರ ಒಳಗೆ ಬಿತ್ತು. ಬೆಲೆ 1,499. ಅಂಗಡಿಯವರು ಕೇಳುವುದು ನೂರಕ್ಕೆ ನಲವತ್ತು, ಹಾಗಾಗಿ ಮುಕ್ಕಾಲು ಪಾಲು ನಾನೇ ನೇರವಾಗಿ ಮಾರಿದೆ. ಚಿತ್ರ ಬರೆದವರಿಗೆ ಐವತ್ತು ಸಾವಿರದ ಆಸುಪಾಸು. ಹಳೆಯ ಆವೃತ್ತಿಗಳಿಗೆ ಸುರಿದದ್ದನ್ನೂ ಕಳೆದರೆ ಕೈಯಲ್ಲಿ ಉಳಿದದ್ದು ಅರವತ್ತು ಸಾವಿರ ಇರಬಹುದು. ಕಡಿಮೆಯೇ. ಆದರೆ ನಮ್ಮಲ್ಲಿ ಮೊದಲ ಪ್ರಿಂಟಿನಲ್ಲೇ ಅಸಲು ಎತ್ತಿದವರು ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ಎರಡನೇ ಪ್ರಿಂಟಿಗೆ ಒಂದೇ ಬದಲಾವಣೆ, ಕ್ವಿಟ್ಸೋಯ್ ಕಾರ್ಡ್. 1208ರಲ್ಲಿ ಆ ದ್ವೀಪದಲ್ಲಿ ಬಿರ್ಕೆಬೈನರ್ ಮತ್ತು ಅವರ ಎದುರಾಳಿ ಬಾಗ್ಲರ್ ಪಕ್ಷಗಳು ರಾಜಿಯಾದವು. ಬಾಗ್ಲರ್ ರಾಜ ಫಿಲಿಪ್ಪುಸ್‌ಗೆ ಪೂರ್ವದ ನಾಡು, ಜೊತೆಗೆ ಸ್ವೆರ್ರೆಯ ಮಗಳು. ಬದಲಿಗೆ ಅವನು ರಾಜ ಎಂಬ ಹೆಸರು ಬಿಡಬೇಕು. ನಾಡು ತಗೊಂಡ, ಮದುವೆಯೂ ಆದ, ಹೆಸರು ಮಾತ್ರ ಬಿಡಲಿಲ್ಲ. ಈಗಿನ ಕಾರ್ಡಿನಲ್ಲಿ ರಾಜಿ ಮಾಡಿಕೊಂಡವರು ಗೆಲುವು ಹಂಚಿಕೊಳ್ಳಬಹುದು, ಹಾಗಾಗಿ ಬಹಳ ಆಟಗಳು ಅಲ್ಲೇ ನಿಲ್ಲುತ್ತಿದ್ದವು. ಹೊಸ ಕಾರ್ಡಿನಲ್ಲಿ ರಾಜಿಯಾದವನು ತನ್ನ ರಾಜನ ಕಾಯಿಯನ್ನು ಹಾಸಿನ ಮೇಲೆಯೇ ಇಟ್ಟುಕೊಳ್ಳಬಹುದು, ಅದಕ್ಕೆ ಪ್ರತಿ ಸರದಿಗೆ ಒಂದು ಬೆಳ್ಳಿ ಕಟ್ಟಬೇಕು. ಈ ತಿಂಗಳು ನಾಲ್ಕು ಜನರ ಟೇಬಲ್‌ಗಳಲ್ಲಿ ಆಡಿಸುತ್ತಿದ್ದೇನೆ. ಇಲ್ಲಿಯವರೆಗೆ ಕಟ್ಟಲು ಒಪ್ಪದವರು ಯಾರೂ ಸಿಕ್ಕಿಲ್ಲ.