ಗದಗಿನ ಪಿನ್‌ಕೋಡ್ ಒಡದು ನೋಡೂದು ಹೆಂಗ

ಗದಗ ಬಸ್‌ಸ್ಟ್ಯಾಂಡಿನ್ಯಾಗ ಹುಬ್ಬಳ್ಳಿ ಬಸ್ಸಿಗೆ ಕಾಯಕೋತ ಕುಂತಿದ್ದೆ, ಮೊಬೈಲ್ ಚಾರ್ಜ್ ಖಾಲಿ, ಕೈಯಾಗ ಒಂದು ಕೊರಿಯರ್ ಕವರ್, ಅದರ ಮ್ಯಾಲ 582101. ಪೆನ್ನ್ ಇತ್ತು, ನಡೀ ಇದನ್ನ ಅವಿಭಾಜ್ಯ ಸಂಖ್ಯಾಗಳ (1 ಮತ್ತ ತನ್ನ ಬಿಟ್ಟು ಬ್ಯಾರೆ ಯಾವುದೂ ಹೋಗದಂಥಾವು) ಗುಣಾಕಾರಾಗಿ ಒಡದ ನೋಡೂಣು ಅಂತ ಶುರು ಹಚ್ಚಿಕೊಂಡೆ. ನೀವೂ ಮಾಡ್ರಿ, ಕ್ಯಾಲ್ಕುಲೇಟರ್ ಬ್ಯಾಡ.

ಕಡೀ ಅಂಕಿ 1, ಅಂದ್ರ 2, 5 ಎರಡೂ ಹೋಗಂಗಿಲ್ಲ. ಅಂಕಿ ಎಲ್ಲಾ ಕೂಡಿಸಿದ್ರ 17, ಹಂಗಾಗಿ 3ನೂ ಇಲ್ಲ. ಇಲ್ಲಿತನಕ ಸಾಲ್ಯಾಗ ಕಲಸಿದ್ದ.

ಮುಂದಿನದು ನಂಗ ಭಾಳ ಸೇರತೈತಿ. 1001 ಅಂದ್ರ 7×11×13. ಅದಕ್ಕ ಸಂಖ್ಯಾನ ನಡುವ ಸೀಳಿ 582, 101 ಮಾಡಿ ದೊಡ್ಡದರಾಗಿಂದ ಸಣ್ಣದು ಕಳೀರಿ, 481 ಬರತೈತಿ. 582101 ಅಂದ್ರ 582×1001ರಾಗ 481 ಕಮ್ಮಿ, ಅಷ್ಟ, ಹಂಗಾಗಿ 7, 11, 13ರಾಗ 481ಕ್ಕ ಯಾವುದು ಹೋಗತೈತಿ ಅದು ಪೂರಾ ಸಂಖ್ಯಾಕ್ಕೂ ಹೋಗತೈತಿ. ಒಂದ ಕಳಿಯೂ ಲೆಕ್ಕದಾಗ ಮೂರು ಪರೀಕ್ಷಾ ಮುಗದ್ವು! 481 = 13×37. ಸಿಕ್ತು, 13.

ಇಲ್ಲೇ ನಾ ಎಡವಿದ್ದು ನೋಡ್ರಿ, 37ನೂ ಹೋಗತೈತಿ ಅಂತ ಹುರುಪಿಲೆ ಬರದುಬಿಟ್ಟೆ. 1001ರಾಗ 37 ಎಲ್ಲೈತಿ? 37ಕ್ಕ ಕಳಿಯೂದಲ್ಲ, ಕೂಡಸೂದು, ಯಾಕಂದ್ರ 999 = 27×37. 582+101 = 683, 37×18 = 666, ಶೇಷ 17. ಹೋಗಂಗಿಲ್ಲ.

ಈಗ 582101 = 13×44777. ಈ 44777 ಒಡಿತೈತೇನು? 211ರ ವರ್ಗ 44521, 212ರದ್ದು 44944, ಹಂಗಾಗಿ 211ರ ತನಕ ಇರೋ ಅವಿಭಾಜ್ಯ ಸಂಖ್ಯಾ ಅಷ್ಟ ಹಚ್ಚಿ ನೋಡಿದ್ರ ಸಾಕು. ಸಾಕು ಅಂದ್ರೂ ನಲವತ್ತರ ಮ್ಯಾಲ ಭಾಗಾಕಾರ, ಬ್ಯಾಸರದ ಕೆಲಸ, ಎರಡು ಬಸ್ ಬಿಟ್ಟೆ. 29ಕ್ಕ ಶೇಷ 1, 193ಕ್ಕೂ 1, ಸ್ವಲ್ಪದರಾಗ ತಪ್ತು, ಯಾಕಂದ್ರ ಅದರ ಹಿಂದಿನ ಮನಿ 44776 ಅಂದ್ರ 8×29×193. ಕಡೀಕ ಯಾವುದೂ ಹೋಗಲಿಲ್ಲ, 44777 ಅವಿಭಾಜ್ಯನ.

ವರ್ಗಮೂಲ ನೋಡುಮುಂದ ಇನ್ನೊಂದು ಕಣ್ಣಿಗೆ ಬಿತ್ತು, 44777ರಾಗ 44521 ಕಳದ್ರ 256, ಅದು 16ರ ವರ್ಗ! 13 ಅಂದ್ರೂ 2ರ ವರ್ಗ, 3ರ ವರ್ಗ ಕೂಡಿಸಿದ್ದ. ಹಿಂತಾ ಎರಡು ಸಂಖ್ಯಾ ಗುಣಿಸಿದ್ರ ಬರೋದೂ ಎರಡು ವರ್ಗದ ಮೊತ್ತನ ಆಗಿರತೈತಿ ಅಂತ ಬ್ರಹ್ಮಗುಪ್ತ 628ರಾಗ ಬರದಿಟ್ಟಾನ. ಓರೆ ಗುಣಿಸಿ ಕೂಡಿಸ್ರಿ, ಕಳೀರಿ: 2×211+3×16 = 470, 3×211−2×16 = 601. ಚಿಹ್ನಾ ಅದಲುಬದಲು ಮಾಡಿದ್ರ 374, 665. ಅಂದ್ರ 470²+601² ಮಾಡ್ರಿ, ಇಲ್ಲಾ 374²+665² ಮಾಡ್ರಿ, ಎರಡೂ 582101.

ಇದನ್ನ ಹಾವೇರಿ ಗೆಳ್ಯಾಗ ಹೇಳಿದೆ, ಅಂವ ತನ್ನೂರಿನ 581110 ಹಿಡದು ಕುಂತ. 2, 5 ತಗದ್ರ 58111 ಉಳಿತೈತಿ, ಅದು ಅವಿಭಾಜ್ಯ, 4ರಿಂದ ಭಾಗಿಸಿದ್ರ ಶೇಷ 3. ಹಿಂತಾದ್ದು ಒಂದ ಸಲ ಒಳಗ ಕುಂತ್ರ ಎರಡು ವರ್ಗ ಎಂದೂ ಸಿಗಂಗಿಲ್ಲ. ಅಂವಗ ಇನ್ನೂ ಹೇಳಿಲ್ಲ, ಹುಡುಕಾಕತ್ತಾನ.