ಅಗಸ್ತ್ಯ ತೀರ್ಥದ ಮೇಲಿನ ಜಗಲಿಗೆ ಉಲ್ಟಾ ದಾರಿ

ಬಾದಾಮಿಯಲ್ಲಿ ಭೂತನಾಥ ಗುಡಿಯ ಹಿಂದಿನ ಗುಡ್ಡದಲ್ಲಿ, ಅಗಸ್ತ್ಯ ತೀರ್ಥ ಕೆರೆಯತ್ತ ಚಾಚಿದ ಬಂಡೆಯ ಜಗಲಿಗೆ ಹಗ್ಗವಿಲ್ಲದೆ ಹೋಗಬಹುದು ಅಂದಾಗ ನಮ್ಮ ಗುಂಪಿನವರು ನಕ್ಕಿದ್ದರು. ಈಗ ಅವರೇ ಲೊಕೇಶನ್ ಕಳಿಸು ಅಂತ ಪೀಡಿಸುತ್ತಾರೆ. ಕಳಿಸಿಲ್ಲ.

ಮೂರು ಸಲ ಸೋತೆ. ಮೊದಲ ಸಲ ಒಬ್ಬರಿಗೆ 500 ರೂಪಾಯಿ ಕೊಟ್ಟು ದಾರಿ ತೋರಿಸಿ ಅಂದೆ. ಅವರು ಗುಡಿಯ ಕಟ್ಟೆವರೆಗೆ ಬಂದು, "ಮುಂದ ದಾರಿನ ಇಲ್ರಿ ಸರ, ಬರೇ ಜಾಲಿ" ಅಂತ ಕೈತೊಳೆದುಕೊಂಡರು.

ಎರಡನೇ ಸಲ ಸಂಜೆ, ಒಬ್ಬನೇ. ಕೆಳಗಿನಿಂದ ಕೊರಕಲು ಹಿಡಿದು ಹತ್ತಿದೆ. ಹತ್ತಲು ಇಪ್ಪತ್ತು ನಿಮಿಷ, ಇಳಿಯಲು ಮುಕ್ಕಾಲು ಗಂಟೆ. ಆ ಮರಳುಗಲ್ಲು ಗೊತ್ತಲ್ವಾ, ಮೈಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಉದುರಿದ ಮರಳು. 3,200 ರೂಪಾಯಿಯ ಟ್ರೆಕ್ಕಿಂಗ್ ಶೂ ಅದರ ಮೇಲೆ ಗಾಡಿ ಥರ ಓಡಿತು. ಮೊಣಕೈ ಚರ್ಮ ಸುಲಿಯಿತು. ಈಗ 350ರ ಕ್ಯಾನ್ವಾಸ್ ಶೂ ಹಾಕುತ್ತೇನೆ. ಅಟ್ಟೆ ತೆಳು, ಮರಳು ಎಲ್ಲಿದೆ ಅಂತ ಪಾದಕ್ಕೇ ತಿಳಿಯುತ್ತದೆ.

ಮೂರನೇ ಸಲ ಮಳೆಯ ಮರುದಿನ ಹೋಗಿದ್ದು ಶುದ್ಧ ದಡ್ಡತನ. ಹಿಡಿದ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಕೈಗೆ ಬಂತು. ಸುಮ್ನೆ ವಾಪಸ್ ಬಂದೆ.

ನಾಲ್ಕನೇ ಸಲ ಕೆಳಗಿನಿಂದ ಹತ್ತುವ ಯೋಚನೆಯನ್ನೇ ಬಿಟ್ಟೆ. ಸಿಡಿಲಫಡಿ ಅನ್ನೋ ಹಳೇ ಕಲ್ಲಾಸರೆಯ ಕಡೆ ಕುರಿ ಕಾಯುವವರು ಓಡಾಡುವ ಕಾಲುದಾರಿಯಲ್ಲಿ ಮೇಲಿನ ಬಯಲಿಗೆ ಹೋಗಿ, ಅಂಚಿನಿಂದ ಕೆಳಕ್ಕಿಳಿದೆ. ದಾರಿಯ ಗುರುತು ಮುಳ್ಳಿಗೆ ಸಿಕ್ಕಿದ ಉಣ್ಣೆ. ಕುರಿ ಹೋದ ಕಡೆ ನಾವೂ ಹೋಗಬಹುದು. ಮೇಕೆಯನ್ನು ಮಾತ್ರ ನಂಬಬೇಡಿ, ಅದು ಗೋಡೆಯನ್ನೂ ಹತ್ತುತ್ತದೆ. ಬಯಲಿನಿಂದ ಯಾವ ಸೀಳಿನಲ್ಲಿ ಇಳಿಯಬೇಕು ಅನ್ನೋದನ್ನು ಬರೆಯಲ್ಲ. ಜೊತೆಗೆ ಬಂದರೆ ತೋರಿಸುತ್ತೇನೆ.

ನಡುವೆ ಗುರುತಿಗೆ ರಂಗೋಲಿ ಪುಡಿ ಹಾಕಿಯೂ ನೋಡಿದ್ದೆ. ಹಿಂತಿರುಗುವಷ್ಟರಲ್ಲಿ ಮಂಗಗಳು ಮೂಸಿ, ಕೆದರಿ, ಒಂದಂತೂ ಮುಖಕ್ಕೇ ಬಳಿದುಕೊಂಡು ಕೂತಿತ್ತು. ಇನ್ನೊಂದು ದಿನ ತಟ್ಟುಕೋಟೆ ಕಡೆಯಿಂದ ದಾರಿ ಹುಡುಕಲು ಹೋಗಿ ಕಪ್ಪೆ ಅರಭಟ್ಟನ ಶಾಸನದ ಮುಂದೆ ಅರ್ಧ ದಿನ ಕಳೆದೆ. ದಾರಿ ಸಿಗಲಿಲ್ಲ, ಆದರೆ ಪಠ್ಯಪುಸ್ತಕದ "ಸಾಧುಗೆ ಸಾಧು" ಬಂಡೆಯ ಮೇಲೇ ಸಿಕ್ಕಿತು. ಹೋಗಿದ್ದಕ್ಕೆ ಬೇಜಾರಿಲ್ಲ.

ಇನ್ನೊಂದು, ಸಂಜೆ ಹೋಗಬೇಡಿ. ಜಗಲಿ ಪಡುವಣಕ್ಕೆ ಮುಖ ಮಾಡಿದೆ, ಸೂರ್ಯ ನೇರ ಕಣ್ಣಿಗೇ ಬೀಳುತ್ತಾನೆ. ಅದಕ್ಕಿಂತ ಜಾಸ್ತಿ ಭಯ ಕತ್ತಲಲ್ಲಿ ವಾಪಸ್ ಹತ್ತುವುದು. ಬೆಳಗ್ಗೆ ಬಿಸಿಲು ಬೆನ್ನ ಹಿಂದಿನಿಂದ ಬರುತ್ತದೆ.

ಮೊದಲ ಮೂರು ಸಲ ಶೂ, ಲಾಡ್ಜು, ಬಸ್ಸು ಸೇರಿ ಆರು ಸಾವಿರದ ಹತ್ತಿರ ಕೈಬಿಟ್ಟಿತ್ತು. ನಾಲ್ಕನೇ ದಿನ ಬೆಟ್ಟಕ್ಕೆ ಅಂತ ಆಗಿದ್ದು ಆಟೋ, ಬಾಳೆಹಣ್ಣು ಸೇರಿ ನೂರೈವತ್ತು ಇರಬಹುದು. ಜಗಲಿ ಮುಟ್ಟಿದಾಗ ಗುಡ್ಡದ ನೆರಳು ಊರ ಕಡೆಯಿಂದ ನೀರಿನ ಮೇಲೆ ಸರಿಯುತ್ತಾ ನನ್ನತ್ತಲೇ ಬರುತ್ತಿತ್ತು. ಕೆಳಗೆ ಮೆಟ್ಟಿಲ ಮೇಲೆ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದು ಅವರ ಕೈ ಮತ್ತೆ ಮೇಲೇಳುವ ಹೊತ್ತಿಗೆ ಸದ್ದು ನನ್ನ ಕಿವಿಗೆ ಬರುತ್ತಿತ್ತು.