ಚರ್ಚ್ ಪರವಾಗಿ ಬಜೆಟ್ ಕಮಿಟಿ ಮುಂದೆ ಮಾತಾಡಿದ ನನ್ನ ಅನುಭವ

ಬಡವರಿಗೆ ಸಹಾಯ ಅಂದರೆ ಅಕ್ಕಿ, ಬಟ್ಟೆ, ಮಕ್ಕಳ ಫೀಸು ಅಂತಲೇ ನಾವು ಬೆಳೆದಿದ್ದೇವೆ. ಅದು ಬೇಕು, ಇಲ್ಲ ಅನ್ನಲ್ಲ. ಆದರೆ ಕಾನೂನಿನ ಒಂದು ಸಾಲು ಬದಲಾದರೆ ನಮ್ಮ ಚರ್ಚಿನವರು ಇಡೀ ವರ್ಷ ಹಂಚುವುದಕ್ಕಿಂತ ಜಾಸ್ತಿ ಹಣ ಆ ಮನೆಗಳಿಗೆ ತಲುಪುತ್ತದೆ. ಇದು ನನಗೆ ಗೊತ್ತಾಗಿದ್ದು ತೆರಿಗೆ ತುಂಬಿಕೊಡುವ ಟೇಬಲ್ಲಿನಲ್ಲಿ.

ನಾನು ಗದಗ-ಬೆಟಗೇರಿ ಕಡೆಯವಳು, ಬಾಸೆಲ್ ಮಿಶನ್ ಕಟ್ಟಿದ ಚರ್ಚಿನಲ್ಲಿ ಬೆಳೆದವಳು. ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇದ್ದೇವೆ, ಇಲ್ಲಿನ ಲುಥೆರನ್ ಚರ್ಚಿಗೆ ಹೋಗುತ್ತೇವೆ. ಫೆಬ್ರವರಿ ಬಂತೆಂದರೆ ಚರ್ಚಿನ ಹಾಲ್‌ನಲ್ಲಿ ಪ್ರತಿ ಶನಿವಾರ ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುತ್ತೇವೆ. ಇದು ಐಆರ್‌ಎಸ್‌, ಅಂದರೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯವರ ವೀಟಾ ಅನ್ನುವ ಕಾರ್ಯಕ್ರಮ. ಅವರ ಪರೀಕ್ಷೆ ಪಾಸಾದರೆ ಯಾರು ಬೇಕಾದರೂ ಕೂರಬಹುದು.

ಅಲ್ಲಿಗೆ ಮನೆ ಕ್ಲೀನಿಂಗ್ ಮಾಡುವ ಒಬ್ಬ ಹೆಂಗಸು ಬರುತ್ತಿದ್ದರು. ಬಿಲ್ಲು, ರಸೀದಿ ಏನೂ ಇಲ್ಲ, ಒಂದು ಸ್ಕೂಲ್ ನೋಟ್‌ಬುಕ್ ಮಾತ್ರ. ತಾರೀಕು, ಯಾರ ಮನೆ, ಎಷ್ಟು ಡಾಲರ್, ಎಲ್ಲ ಮಗಳ ದುಂಡು ಅಕ್ಷರದಲ್ಲಿ. ಒಂದು ಸಾಲೂ ತಪ್ಪಿಲ್ಲ. ಅಷ್ಟನ್ನೂ ಕೂಡಿ ಹಾಕಿದೆ. ಗಂಡ ಟೊಮೆಟೊ ಹೊಲದಲ್ಲಿ ದುಡಿದ ಕೂಲಿಯನ್ನೂ ಸೇರಿಸಿದೆ. ಆಮೇಲೆ ಅವರ ತೆರಿಗೆ ನಂಬರ್ ಹೊಡೆದರೆ ಕ್ಯಾಲ್‌ಇಐಟಿಸಿ ಸಾಲು ಸೊನ್ನೆಯಾಯಿತು.

ಕ್ಯಾಲ್‌ಇಐಟಿಸಿ ಅಂದರೆ ದುಡಿದೂ ಬಡವರಾಗಿ ಉಳಿದ ಮನೆಗಳಿಗೆ ರಾಜ್ಯ ಸರ್ಕಾರ ತೆರಿಗೆ ಲೆಕ್ಕದ ಮೂಲಕ ವಾಪಸ್ ಕೊಡುವ ಹಣ. 2015ರಲ್ಲಿ ಶುರುವಾಯಿತು. 2019ರಲ್ಲಿ ಅದರ ಆದಾಯದ ಮಿತಿ 30,000 ಡಾಲರ್‌ಗೆ ಏರಿತು, ಆರು ವರ್ಷದೊಳಗಿನ ಮಗುವಿದ್ದರೆ ಇನ್ನೂ 1,000 ಡಾಲರ್‌ವರೆಗೆ ಸೇರಿಸಿ ಕೊಡೋದು ಜಾರಿಗೆ ಬಂತು. ಆದರೆ ರಿಟರ್ನ್‌ನಲ್ಲಿರುವ ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಸೋಶಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಇಲ್ಲಿನ ಪ್ರಜೆಗಳಿಗೆ, ಕೆಲಸದ ಅನುಮತಿ ಇರುವವರಿಗೆ ಸಿಗುವ ನಂಬರ್, ಇರಲೇಬೇಕಿತ್ತು. ಕೇಂದ್ರದಲ್ಲಿ 1996ರಿಂದ ಇರುವ ಷರತ್ತನ್ನೇ ರಾಜ್ಯ ಹಾಗೇ ಎತ್ತಿಕೊಂಡಿತ್ತು. ಆ ನಂಬರ್ ಸಿಗದವರಿಗೆ ತೆರಿಗೆ ಕಟ್ಟೋಕೆ ಅಂತಲೇ ಐಆರ್‌ಎಸ್ 9ರಿಂದ ಶುರುವಾಗುವ ಐಟಿಐಎನ್ ಅನ್ನುವ ನಂಬರ್ ಕೊಡುತ್ತದೆ. ಅಂದರೆ ತೆರಿಗೆ ಕಟ್ಟೋಕೆ ನಂಬರ್ ಉಂಟು, ತೆರಿಗೆಯಿಂದ ಬರುವ ಈ ನೆರವಿಗೆ ಮಾತ್ರ ಆ ನಂಬರ್ ನಡೆಯುತ್ತಿರಲಿಲ್ಲ. ಆ ಮನೆಯ ಮಕ್ಕಳು ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆಗಳು. ಅವರ ಪಾಲೂ ಹೋಯಿತು. ಇದು ಅನ್ಯಾಯ ಅಲ್ವಾ?

ಐಟಿಐಎನ್ ಅಂದರೆ ನಮ್ಮವರಿಗೂ ಹೊಸದಲ್ಲ. ಎಚ್-1ಬಿ ಕೆಲಸದ ವೀಸಾದಲ್ಲಿ ಬಂದ ಗಂಡನ ಜೊತೆ ಎಚ್-4 ವೀಸಾದಲ್ಲಿ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಇರುವುದು ಅದೇ. 2020ರ ಮಾರ್ಚ್‌ನ ಕೋವಿಡ್ ಪರಿಹಾರದ ಕಾನೂನಿನಲ್ಲಿ ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿ ಒಬ್ಬರಿಗೆ ಐಟಿಐಎನ್ ಇದ್ದರೆ ಇಬ್ಬರಿಗೂ ಹಣ ಬರಲಿಲ್ಲ. ಆಗ ಎಚ್-1ಬಿಯಲ್ಲಿ ಇರುವ ಕನ್ನಡದ ಮನೆಗಳಿಂದಲೂ ನನಗೆ ಫೋನ್ ಬಂದವು. ಆ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಸರಿ ಮಾಡಿದರು. ನಮ್ಮವರಿಗೆ ಅದು ಬೇಜಾರಿನ ವಿಷಯ, ಆ ನೋಟ್‌ಬುಕ್ಕಿನ ಮನೆಗೆ ಬಾಡಿಗೆಯ ವಿಷಯ.

ಕ್ಯಾಲ್‌ಇಐಟಿಸಿಯ ಆ ಷರತ್ತು ತೆಗೆಯಿರಿ ಅಂತ ಶಾಸಕರಿಗೆ ಚರ್ಚಿನ ಹೆಸರಲ್ಲಿ ಪತ್ರ ಬರೆಯೋಣ ಅಂದಾಗ ಕೌನ್ಸಿಲ್‌ನಲ್ಲಿ ತಕರಾರು ಬಂತು. ದೇವರ ಮನೆಗೆ ರಾಜಕೀಯ ಯಾಕೆ, ಕಾನೂನು ಮೀರಿ ಬಂದವರ ಪರ ನಾವ್ಯಾಕೆ ಅಂತ. ಎರಡಕ್ಕೂ ಉತ್ತರ ಬೇಕಾಗಿತ್ತು. ಮೊದಲನೆಯದು ಸುಲಭ. ಚರ್ಚಿನಂಥ ಸಂಸ್ಥೆಗಳಿಗೆ 1954ರಲ್ಲಿ ಬಂದ ನಿಯಮ ತಡೆಯೋದು ಚುನಾವಣೆಗೆ ನಿಂತವರ ಪರ ಅಥವಾ ವಿರುದ್ಧ ಪ್ರಚಾರ ಮಾಡೋದನ್ನು. ಮಸೂದೆಯ ಬಗ್ಗೆ ಚರ್ಚ್ ಮಾತಾಡಬಹುದು, ಅದು ಒಟ್ಟು ಕೆಲಸದಲ್ಲಿ ಸಣ್ಣ ಪಾಲಾಗಿದ್ದರೆ ಸಾಕು. ಕ್ವೇಕರ್ ಪಂಥದವರು ಕ್ಯಾಲಿಫೋರ್ನಿಯಾದಲ್ಲಿ 1952ರಿಂದಲೂ ಈ ಕೆಲಸಕ್ಕೇ ಒಂದು ಸಮಿತಿ ಇಟ್ಟುಕೊಂಡಿದ್ದಾರೆ, ಲುಥೆರನ್ನರದ್ದೂ ಸ್ಯಾಕ್ರಮೆಂಟೊದಲ್ಲಿ ಒಂದು ಕಚೇರಿ ಇದೆ.

ಎರಡನೆಯ ಪ್ರಶ್ನೆಗೆ ನಾನು ಬೈಬಲ್ಲಿನ ಯಾಜಕಕಾಂಡ ತೆಗೆದೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ್ದನ್ನು ಆಯಬೇಡಿ, ಅದು ಬಡವರಿಗೆ, ಪರದೇಶಿಗಳಿಗೆ ಸೇರಿದ್ದು ಅನ್ನುವ ಭಾಗ. ನಮ್ಮ ಕಡೆ ಜೋಳದ ಸುಗ್ಗಿ ಮುಗಿದ ಮೇಲೆ ಹಕ್ಕಲು ಆಯೋಕೆ ಬಂದವರನ್ನು ಯಾರೂ ಬೇಡ ಅನ್ನುತ್ತಿರಲಿಲ್ಲ, ನೀವು ಯಾವ ಊರವರು ಅಂತ ಕೇಳಿ ಆಮೇಲೆ ಹೊಲಕ್ಕೆ ಬಿಡುತ್ತಿರಲಿಲ್ಲ ಅಂತ ಹೇಳಿದೆ. ಯಾಜಕಕಾಂಡದ್ದು ಹೊಲದ ಒಡೆಯನ ದೊಡ್ಡ ಮನಸ್ಸಿಗೆ ಬಿಟ್ಟ ಮಾತಲ್ಲ, ಅದು ಕಾನೂನಾಗಿಯೇ ಬಂದಿದ್ದು. ಎಲ್ಲರೂ ಒಪ್ಪಲಿಲ್ಲ. ಆದರೆ ಪತ್ರಕ್ಕೆ ಬಹುಮತ ಸಿಕ್ಕಿತು.

ಮುಂದಿನ ಕೆಲಸ ಪೂರ್ತಿ ಕ್ಯಾಲೆಂಡರಿನದು. ಎಷ್ಟೋ ಒಳ್ಳೆಯ ಮನಸ್ಸಿನವರು ಎಡವೋದು ಇಲ್ಲೇ. ಗವರ್ನರ್ ಜನವರಿ 10ರೊಳಗೆ ಬಜೆಟ್ ಮಂಡಿಸಬೇಕು, ಮೇ ಮಧ್ಯದೊಳಗೆ ಅದನ್ನು ತಿದ್ದಿ ಕೊಡುತ್ತಾರೆ, ಜೂನ್ 15ಕ್ಕೆ ಶಾಸಕರು ಪಾಸು ಮಾಡಬೇಕು. ಜೂನ್‌ನಲ್ಲಿ ಹೋಗಿ ಕಣ್ಣೀರು ಹಾಕಿದರೆ ಏನೂ ಬರಲ್ಲ, ಫೆಬ್ರವರಿಯಿಂದಲೇ ಬಜೆಟ್ ಉಪಸಮಿತಿಗಳ ಮುಂದೆ ನಿಂತಿರಬೇಕು. ಬೇರೆಯಾಗಿ ಮಸೂದೆ ತಂದರೂ ಖರ್ಚು ಜಾಸ್ತಿಯಿದ್ದರೆ ಅದು ಖರ್ಚು ನೋಡುವ ಅಪ್ರೋಪ್ರಿಯೇಷನ್ಸ್ ಕಮಿಟಿಯ ಸಸ್ಪೆನ್ಸ್ ಫೈಲ್ ಅನ್ನುವ ಪಟ್ಟಿಗೆ ಹೋಗುತ್ತದೆ. ಅಲ್ಲಿ ಒಂದೇ ದಿನ ನೂರಾರು ಮಸೂದೆಗಳ ಹೆಸರು ಓದಿ, ಚರ್ಚೆಯೇ ಇಲ್ಲದೆ ಉಳಿಸುತ್ತಾರೆ ಅಥವಾ ಮುಗಿಸುತ್ತಾರೆ.

ಶಾಸಕರಿಗೆ ಕೊಡೋಕೆ ಒಂದೇ ಪುಟದ ಲೆಕ್ಕ ಮಾಡಿದ್ದೆ. ಎರಡು ಮನೆ, ಒಂದೇ ಆದಾಯ, ಇಬ್ಬರಲ್ಲೂ ಎರಡೆರಡು ಮಕ್ಕಳು, ನಂಬರ್ ಮಾತ್ರ ಬೇರೆ. ಎಡಗಡೆ ಸಿಗುವ ಹಣ, ಬಲಗಡೆ ಸೊನ್ನೆ. ಉದ್ದದ ಪತ್ರಕ್ಕಿಂತ ಈ ಪುಟವೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ, ಯಾಕೆಂದರೆ ಶಾಸಕರ ಸಿಬ್ಬಂದಿ ಅದನ್ನೇ ಇಟ್ಟುಕೊಂಡು ನನಗೆ ಪ್ರಶ್ನೆ ಕೇಳುತ್ತಿದ್ದರು. ಆ ತಾಯಿಯನ್ನು ಮೈಕ್ ಮುಂದೆ ನಿಲ್ಲಿಸಬೇಕು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಲ್ಲಿ ಆಡಿದ್ದೆಲ್ಲ ವಿಡಿಯೋದಲ್ಲಿ ಉಳಿಯುತ್ತದೆ. ಅವರ ಒಪ್ಪಿಗೆ ಕೇಳಿ, ಹೆಸರು, ಊರು ತೆಗೆದು, ಲೆಕ್ಕ ಮಾತ್ರ ಬಳಸಿದೆವು.

ಕಮಿಟಿಯಲ್ಲಿ ಮುಖ್ಯ ಸಾಕ್ಷಿಗಳಿಗೆ ಎರಡು ಮೂರು ನಿಮಿಷ ಸಿಗುತ್ತದೆ. ಉಳಿದವರು ಸಾಲಿನಲ್ಲಿ ನಿಂತು ಹೆಸರು, ಸಂಸ್ಥೆ, ಬೆಂಬಲ ಇದೆ, ಇಷ್ಟೇ ಹೇಳಬೇಕು. ಇದರಿಂದ ಏನಾಗುತ್ತದೆ ಅಂತ ಅನ್ನಿಸಬಹುದು. ಆಗುತ್ತದೆ. ಪಾಸ್ಟರ್ ಬಿಳಿ ಕಾಲರ್ ಹಾಕಿಕೊಂಡು ನಿಂತಿದ್ದರು, ಹಿಂದೆ ಗುರುದ್ವಾರದ ಹಿರಿಯರು, ಮಸೀದಿಯಿಂದ ಒಬ್ಬರು, ಯಹೂದಿಗಳ ಸಿನಗಾಗ್‌ನಿಂದ ಇಬ್ಬರು. ಬೇರೆ ಬೇರೆ ದೇವರ ಮನೆಯವರು ಒಂದೇ ಸಾಲಿನಲ್ಲಿ ಬಂದು ಒಂದೇ ಮಾತು ಹೇಳಿದಾಗ ಫೋನ್ ನೋಡುತ್ತಿದ್ದ ಶಾಸಕರು ತಲೆ ಎತ್ತುತ್ತಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಸದನವೇ ಮುಚ್ಚಿತು. ಮತ್ತೆ ತೆರೆದ ಮೇಲೆ ಎಲ್ಲ ಫೋನ್ ಮೇಲೆ. ಸ್ಪೀಕರ್ ಹಾಕಿಟ್ಟುಕೊಂಡು, ಒಲೆ ಮೇಲೆ ಸಾರು ಕುದಿಸುತ್ತಾ, ನಮ್ಮ ಸರದಿಗೆ ಕಾಯುತ್ತಿದ್ದೆವು.

ಜೂನ್‌ನ ಬಜೆಟ್‌ನಲ್ಲಿ ಅರ್ಧ ಸಿಕ್ಕಿತು. ಆರು ವರ್ಷದೊಳಗಿನ ಮಕ್ಕಳಿದ್ದ ಐಟಿಐಎನ್ ಮನೆಗಳಿಗೆ ಮಾತ್ರ ಅಂತಾಯಿತು. ನೋಟ್‌ಬುಕ್ ಬರೆಯುತ್ತಿದ್ದ ಹುಡುಗಿಗೆ ಹತ್ತು ದಾಟಿತ್ತು, ಅವಳ ಕೆಳಗೆ ಚಿಕ್ಕವರೂ ಇರಲಿಲ್ಲ. ಹಾಗಾಗಿ ನಾವು ಫೋನ್ ನಿಲ್ಲಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಗವರ್ನರ್ ಎಬಿ 1876 ಅನ್ನುವ ಮಸೂದೆಗೆ ಸಹಿ ಹಾಕಿದರು, ಉಳಿದ ಐಟಿಐಎನ್ ಮನೆಗಳೂ ಸೇರಿದವು. ಇದು ನಮ್ಮೊಬ್ಬರ ಕೆಲಸ ಖಂಡಿತ ಅಲ್ಲ, ವಲಸಿಗರ ಸಂಘಟನೆಗಳು ವರ್ಷಗಟ್ಟಲೆ ದುಡಿದಿದ್ದವು. 2021ರ ಫೆಬ್ರವರಿಯಲ್ಲಿ ಅದೇ ನಂಬರ್ ಹೊಡೆದೆ, ಈ ಸಲ ಆ ಸಾಲಿನಲ್ಲಿ ಹಣ ಬಂತು. ನಾನು ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಅಂಕಿಗಳನ್ನು ಒಂದೊಂದಾಗಿ ಓದಿದರು.

ಈಗ ಪರಿಸ್ಥಿತಿ ಕಷ್ಟವಾಗಿದೆ. 2025ರ ಏಪ್ರಿಲ್‌ನಲ್ಲಿ ಐಆರ್‌ಎಸ್ ತನ್ನ ಹತ್ತಿರದ ಮಾಹಿತಿಯನ್ನು ವಲಸೆ ಇಲಾಖೆಗೆ ಕೊಡುವ ಒಪ್ಪಂದ ಮಾಡಿಕೊಂಡಿತು. ಅದರ ಮೇಲೆ ಕೋರ್ಟಿನಲ್ಲಿ ಕೇಸುಗಳು ನಡೆದಿವೆ, ಆದರೆ ಹೆದರಿಕೆ ಕೋರ್ಟಿಗೆ ಕಾಯುವುದಿಲ್ಲ. ಹಕ್ಕು ಕಾಗದದ ಮೇಲಿದೆ, ಜನ ಟೇಬಲ್ಲಿಗೆ ಬರಲ್ಲ. ಏನೂ ಆಗಲ್ಲ ಬನ್ನಿ ಅಂತ ನಾನು ಸುಮ್ನೆ ಧೈರ್ಯ ಹೇಳಲ್ಲ. ಮೊದಲು ವಲಸೆ ವಕೀಲರ ಹತ್ತಿರ ಮಾತಾಡಿಸುತ್ತೇವೆ, ಆಮೇಲೆ ಅವರೇ ತೀರ್ಮಾನಿಸಲಿ.

ಮೆಡಿ-ಕ್ಯಾಲ್, ಅಂದರೆ ಕಡಿಮೆ ಆದಾಯದವರಿಗೆ ರಾಜ್ಯ ಕೊಡುವ ಆರೋಗ್ಯ ವಿಮೆಯ ವಿಷಯದಲ್ಲೂ ಹಿಂದಕ್ಕೆ ಹೋಗಿದ್ದೇವೆ. 2024ರ ಜನವರಿಯಿಂದ ದಾಖಲೆ ಇಲ್ಲದವರಿಗೂ ವಯಸ್ಸಿನ ಭೇದವಿಲ್ಲದೆ ಆರೋಗ್ಯ ರಕ್ಷಣೆ ಸಿಗುತ್ತಿತ್ತು. 2026ರ ಜನವರಿಯಿಂದ ಅಂಥ ದೊಡ್ಡವರನ್ನು ಹೊಸದಾಗಿ ಸೇರಿಸಿಕೊಳ್ಳುವುದು ನಿಂತಿದೆ. ಅದನ್ನು ಮತ್ತೆ ತೆರೆಯಿರಿ ಅನ್ನೋದೇ ನಮ್ಮ ಈಗಿನ ಪತ್ರ, ಗುರುದ್ವಾರದವರೂ ಸಹಿ ಹಾಕುತ್ತಿದ್ದಾರೆ.

ಸ್ಯಾಕ್ರಮೆಂಟೊ, ಫಾಲ್ಸಮ್ ಕಡೆ ಇರುವ ಕನ್ನಡದವರಿಗೆ ಒಂದು ಮಾತು. ನೀವು ಯಾವ ದೇವರಿಗೆ ಕೈ ಮುಗಿದರೂ ಸರಿ, ನಿಮಗೆ ವೋಟು ಇಲ್ಲದಿದ್ದರೂ ಸರಿ, ನಿಮ್ಮ ಶಾಸಕರ ಕಚೇರಿಗೆ ಫೋನ್ ಮಾಡಬಹುದು. ಹೆಸರು, ಜಿಪ್ ಕೋಡ್, ಯಾವ ವಿಷಯ, ಏನು ಬೇಕು, ಇಷ್ಟು ಹೇಳಿದರೆ ಬರೆದುಕೊಳ್ಳುತ್ತಾರೆ. ಶನಿವಾರ ಬಿಡುವಿದ್ದರೆ ವೀಟಾ ಟೇಬಲ್ಲಿಗೂ ಬನ್ನಿ. ತರಬೇತಿ ಆನ್‌ಲೈನ್‌ನಲ್ಲೇ ಇದೆ. ಸ್ಪ್ಯಾನಿಷ್ ಬಂದರೆ ಒಳ್ಳೆಯದು, ಬರದಿದ್ದರೆ ಪಕ್ಕದಲ್ಲಿ ಅನುವಾದಕ್ಕೆ ಯಾರಾದರೂ ಕೂರುತ್ತಾರೆ.